ಅಕ್ಕಯ್ಯನ ಕಾರು ಶೆಡ್ಡು

ಮೊನ್ನೆ ಗ್ಯಾಸ್ ಒಲೆ ಹಚ್ಚಲು ಹೋಗಿ ಹುಬ್ಬು ಸುಟ್ಟುಕೊಂಡೆ. ಗ್ಯಾಸ್ ಸೋರುತ್ತಿದೆಯೇನೋ ಎಂದು ದಿನವೂ ಮೂಗೊಡ್ಡಿ ನೋಡುವವನು ನಾನು. ಹಾಗೆ ಬಗ್ಗಿ ನೋಡುವಾಗಲೇ ಕಡ್ಡಿ ಗೀರಿದ್ದೆನೆಂಬುದು ಆಮೇಲೆ ಹೊಳೆಯಿತು. ಹೆಂಡತಿ ನಕ್ಕಳು. ನನಗೆ ನಗು ಬರಲಿಲ್ಲ. ಸುಟ್ಟ ಕೂದಲಿನ ವಾಸನೆ ಅಡುಗೆಮನೆ ತುಂಬಿತು. ಅದರ ಹಿಂದೆಯೇ, ಯಾರೂ ಕರೆಯದೆ, ಅರಕಲಗೂಡಿನ ಆ ಕಾರು ಶೆಡ್ಡು ಬಂತು. ಹಸಿ ಸುಣ್ಣ, ಒದ್ದೆ ಕಲ್ಲು, ಹುಲ್ಲಿನ ಬೆಂಕಿಯಲ್ಲಿ ಸುಟ್ಟ ಹಂದಿಯ ಕೂದಲು…

ಐವತ್ತರ ದಶಕದ ಕೊನೆ. ಮೇಷ್ಟರ ಕೆಲಸ ಸಿಕ್ಕಿ ಚನ್ನರಾಯಪಟ್ಟಣದಿಂದ ಅರಕಲಗೂಡಿಗೆ ಬಂದ ಹೊಸತು. ಬಾಡಿಗೆಗೆ ಸಿಕ್ಕಿದ್ದು ಒಬ್ಬ ವಿಧವೆಯ ಮನೆಯ ಮುಂದಿನ ಕೋಣೆ. ಊರೆಲ್ಲ ಆಕೆಯನ್ನು ಅಕ್ಕಯ್ಯ ಎನ್ನುತ್ತಿತ್ತು, ನಾನೂ ಹಾಗೇ ಕರೆದೆ. ಗಂಡ ರಾಮನಾಥಪುರದ ಕಡೆ ಹೊಗೆಸೊಪ್ಪಿನ ವ್ಯಾಪಾರ ಮಾಡಿ ಕಾರು ಇಟ್ಟಿದ್ದವರು. ಅವರು ಹೋಗಿ ವರ್ಷವಾಗಿತ್ತು. ಕಾರು ಮಾರಿಯಾಗಿತ್ತು, ನನ್ನ ಕೋಣೆಯ ಗೋಡೆಗೆ ಅಂಟಿಕೊಂಡಿದ್ದ ಶೆಡ್ಡು ಮಾತ್ರ ಉಳಿದಿತ್ತು.

ನಾನು ಬಂದ ವಾರದಲ್ಲೇ ಅಲ್ಲಿ ಸುತ್ತಿಗೆ ಸದ್ದು ಶುರುವಾಯಿತು. ಗೋಡೆ ಬಿದ್ದರೆ ನನ್ನ ಮೇಲೆಯೇ ಬೀಳುತ್ತದೆಂದು ಮಂಚವನ್ನು ಆಚೆ ಮೂಲೆಗೆ ಎಳೆದುಕೊಂಡೆ. ವಿಚಾರಿಸಿದರೆ, ಶಿಕಾರಿಯ ಬಾಡು ಕೊಯ್ಯಲು ಕೋಣೆ ಮಾಡಿಸುತ್ತಿದ್ದಾರಂತೆ. ಬಾಡು ತಿನ್ನುವುದಕ್ಕೆ ನನ್ನದೇನೂ ತಕರಾರಿಲ್ಲ. ಅದು ಬಾಡಾಗುವುದನ್ನು ನೋಡಲು ಮಾತ್ರ ಧೈರ್ಯ ಸಾಲದು.

ಆಗ ಭಾನುವಾರ ಬಂತೆಂದರೆ ಊರಿನ ಕೋವಿಯವರು ಕೂಡಿ, ಹೊಲಕ್ಕೆ ನುಗ್ಗುವ ಹಂದಿಗಳ ಮೇಲೆ ಶಿಕಾರಿ ಹೋಗುತ್ತಿದ್ದರು. ಬಿದ್ದ ಹಂದಿಯನ್ನು ಯಾವುದೋ ಹೊಂಗೆ ಮರದಡಿ ಕೊಯ್ದು ಪಾಲು ಹಾಕುವುದು ರೂಢಿ. ಅದಕ್ಕೊಂದು ಕಟ್ಟಳೆಯಿತ್ತು. ಶಿಕಾರಿಗೆ ಹೊರಟ ಯಾರನ್ನೂ ಪಾಲಿಲ್ಲದೆ ಕಳಿಸುವಂತಿಲ್ಲ. ಯಾರ ಗುಂಡು ತಗುಲಿತೋ ತಲೆ ಅವನದು. ಬಹಳ ಮಂದಿ ಸೀಸ ಕರಗಿಸಿ ತಮ್ಮ ತಮ್ಮ ಅಚ್ಚಿನಲ್ಲೇ ಗುಂಡು ಹುಯ್ದುಕೊಳ್ಳುತ್ತಿದ್ದರು. ಹಂದಿಯ ಮೈಯಿಂದ ಗುಂಡು ತೆಗೆದು, ಯಾರದ್ದೆಂದು ನೋಡಿ, ಜಗಳ ಬಗೆಹರಿಸಿಕೊಳ್ಳುತ್ತಿದ್ದರು.

ಅಕ್ಕಯ್ಯನ ಗಂಡ ಸತ್ತದ್ದೂ ಅಂಥದೇ ಶಿಕಾರಿಯಲ್ಲಿ. ಎಡವಿ ಬಿದ್ದಾಗ ಅವರದೇ ಕೋವಿ ಸಿಡಿಯಿತೆಂದು ಜೊತೆಗಿದ್ದವರು ಒಂದೇ ಬಾಯಲ್ಲಿ ಹೇಳಿದರು. ಬರೆದುಕೊಳ್ಳಲು ಬಂದ ಪೊಲೀಸರು ಹಾಗೆಯೇ ಬರೆದುಕೊಂಡರು. ಅವತ್ತು ಹಂದಿಯೂ ಬಿದ್ದಿತ್ತು. ಗಾಡಿಯಲ್ಲಿ ಹೆಣ ಬಂತು. ಹೊತ್ತು ಮುಳುಗುವ ಮುಂಚೆ, ಮುತ್ತುಗದ ಎಲೆಯಲ್ಲಿ ಕಟ್ಟಿದ ಅವರ ಪಾಲೂ ಬಂತು. ತಂದವರಿಗೆ ಅದರಲ್ಲಿ ತಪ್ಪು ಕಾಣಲಿಲ್ಲ. ಹೊರಟವರನ್ನು ಪಾಲಿಲ್ಲದೆ ಕಳಿಸುವಂತಿಲ್ಲವಲ್ಲ…

ಶೆಡ್ಡಿನ ಕೆಲಸಕ್ಕೆ ನಿಂತಿದ್ದಾತ ಅಕ್ಕಯ್ಯನ ಗಂಡನ ಶಿಕಾರಿಯ ಜೊತೆಗಾರ, ಹಿಂದಿನ ಬೀದಿಯವನು. ಗೆಳೆಯ ಹೋದಮೇಲೆ ಆ ಮನೆಯ ಹೊಲದ ಉಳುಮೆ ಮಾಡಿಸುವುದು, ಸೌದೆ ಒಡೆಸುವುದು ಎಲ್ಲ ಆತನದೇ. ಎಣ್ಣೆ ಕುಡಿದು ಕಪ್ಪಾಗಿದ್ದ ನೆಲವನ್ನು ಅಗೆದು ಕಲ್ಲು ಹಾಸಿದ. ನೀರು ನಿಲ್ಲದಂತೆ ಹಿತ್ತಲ ಕಡೆಗೆ ವಾಟ ಕೊಟ್ಟ. ತೊಲೆಗೆ ಕೊಕ್ಕೆ, ನೊಣ ಬಾರದಂತೆ ಕಿಟಕಿಗೆ ಜಾಲರಿ, ನಡುವೆ ಸೊಂಟದೆತ್ತರದ ಚಪ್ಪಡಿ, ಪಕ್ಕಕ್ಕೊಂದು ಹುಣಸೆ ಕೊರಡು. ಎಲ್ಲ ಮುಗಿದಾಗ ಕೈ ಒರೆಸಿಕೊಳ್ಳುತ್ತಾ, "ನಮ್ಮನೆಗಿಂತ ಅಂದಿ ಮನೆಗೇ ಸುಣ್ಣ ಜಾಸ್ತಿಯಾಯ್ತು ಕಣಕ್ಕಯ್ಯ. ಹೆಣ್ಣು ನೋಡಾಕೆ ಬಂದೋರು ಇಲ್ಲೇ ಕುಂತ್ಕಂಡಾರು" ಎಂದ.

ಗಂಡನನ್ನು ನುಂಗಿದ ಶಿಕಾರಿಯನ್ನೇ ಮನೆಗೆ ಕರೆದುಕೊಳ್ಳುವುದೇ ಎಂದು ಊರು ಆಡಿಕೊಂಡಿತು. ಮಣ್ಣು ಮೆತ್ತಿದ ಬಾಡು ಎಷ್ಟು ದಿನ ತಿನ್ನುತ್ತೀರಿ ಎಂದಷ್ಟೇ ಆಕೆ ಹೇಳಿದ್ದು. ಆಕೆಯದು ಒಂದೇ ಷರತ್ತು: ಬಾಡಿನಲ್ಲಿ ಸಿಕ್ಕ ಗುಂಡು ಯಾರದ್ದೇ ಇರಲಿ, ತನ್ನ ಹಿತ್ತಾಳೆ ತಟ್ಟೆಗೆ ಬೀಳಬೇಕು, ಯಾರ ಹಲ್ಲಿಗೂ ಸಿಗಬಾರದು. ಒಂದೊಂದನ್ನೂ ತೊಳೆದು ಕಿಟಕಿಯ ಬೆಳಕಿಗೆ ಹಿಡಿದು ತಿರುಗಿಸುತ್ತಿದ್ದಳು. ಗುಂಡು ನುಂಗಿದರೆ ಕರುಳಿಗೆ ಏನಾದೀತೋ ಎಂದು ನಾನಾಗಲೇ ಹೆದರಿದ್ದವನು. ಎಂಥ ಅಚ್ಚುಕಟ್ಟು ಹೆಂಗಸು ಎಂದುಕೊಂಡೆ.

ಗಂಡಸರು ಬರುವ ದಿನ ನನ್ನನ್ನು ಶೆಡ್ಡಿನ ಬಾಗಿಲಲ್ಲಿ ಕೂರಿಸಿಕೊಳ್ಳುತ್ತಿದ್ದಳು, ಊರಿನ ಬಾಯಿ ಮುಚ್ಚಿಸಲಿಕ್ಕೆ. ನಾನು ಹೆಂಚು ನೋಡುತ್ತಾ ಕೂರುತ್ತಿದ್ದೆ. ಮಾತು ಮಾತ್ರ ಕಿವಿಗೆ ಬೀಳುತ್ತಿತ್ತು. ಆ ಜೊತೆಗಾರನ ಗುಂಡು ಎಷ್ಟೋ ತಿಂಗಳಿಂದ ಯಾವ ಹಂದಿಗೂ ತಗುಲಿರಲಿಲ್ಲ. ಉಳಿದವರು ಬಿಡುತ್ತಾರೆಯೇ? "ಈವಯ್ಯನ ಗುಂಡು ಅಂದಿ ಕಂಡ್ರೆ ಕೈ ಮುಗುದು ಪಕ್ಕದಾಗೇ ಓಯ್ತದೆ" ಎಂದು ಒಬ್ಬ ಕಾಡುತ್ತಿದ್ದ. ಆತ ನಗುತ್ತಿದ್ದ, ಒಳಗೊಳಗೆ ಉರಿದುಕೊಳ್ಳುತ್ತಿದ್ದ.

ಆಮೇಲೊಂದು ಭಾನುವಾರ ದೊಡ್ಡದೊಂದು ಸಲಗ ಹಂದಿ ಬಿತ್ತು. ಭುಜದೊಳಗಿಂದ ತೆಗೆದ ಗುಂಡನ್ನು ಅಕ್ಕಯ್ಯ ತೊಳೆದು ಬೆಳಕಿಗೆ ಹಿಡಿದಳು. ಬಹಳ ಹೊತ್ತು ಹಿಡಿದೇ ಇದ್ದಳು. ನಾನು ಹೆಂಚು ಬಿಟ್ಟು ಆಕೆಯ ಮುಖ ನೋಡಿದೆ.

"ಯಾರ ಗುಂಡು?" ಎಂದಳು.

"ನಂದೇ ಕಣಕ್ಕಯ್ಯ," ಎಂದು ಜೊತೆಗಾರ ಮುಂದೆ ಬಂದ. "ಆ ಮಗ್ಗುಲಾಗೆ ಏಣೈತೆ ನೋಡು, ಉಣಸೆ ಬೀಜದಂಗೆ. ನಮ್ಮಪ್ಪನ ಕಾಲದ ಅಚ್ಚು, ಬಾಯಿ ಸವೆದೋಗೈತೆ. ಇನ್ನ್ಯಾರತ್ರಾನಾ ಐತಾ ಕೇಳು. ತಲೆ ನಂದು."

ಅಕ್ಕಯ್ಯ ಒಳಗೆ ಹೋಗಿ ಕುಂಕುಮದ ಭರಣಿ ತಂದಳು. ತಾನಿನ್ನು ಹಚ್ಚಿಕೊಳ್ಳದ ಆ ಕುಂಕುಮದೊಳಗಿಂದ ಇನ್ನೊಂದು ಗುಂಡನ್ನು ಚಪ್ಪಡಿಯ ಮೇಲೆ ಉರುಳಿಸಿದಳು.

"ಇದೂ ನಿಂದೇನಾ ನೋಡು."

ಆತ ಅಂಗೈಯಲ್ಲಿಟ್ಟು ಹೆಬ್ಬೆರಳಿನಿಂದ ಕೆಂಪನ್ನು ಒರೆಸಿದ. ಅದರ ಮಗ್ಗುಲಲ್ಲೂ ಅದೇ ಉಬ್ಬಿದ ಏಣು. "ನಂದೇ," ಎಂದ ಸಂತೋಷದಿಂದ. "ಇದ್ಯಾವ ಅಂದೀದು?"

"ನಮ್ಮನೆಯವ್ರ ಬೆನ್ನಾಗೆ ಇತ್ತು. ಮೈ ತೊಳೀವಾಗ ಕೈಗೆ ಸಿಕ್ತು."

ಆತ ಕೊಟ್ಟ ವಾಟದಲ್ಲಿ ನೀರು ಮಾತ್ರ ಹಿತ್ತಲಿಗೆ ಹರಿಯುತ್ತಿತ್ತು. ಆತ ಗುಂಡನ್ನು ಚಪ್ಪಡಿಯ ಮೇಲೆ ಸದ್ದಾಗದಂತೆ ಇಟ್ಟ, ಯಾರನ್ನೋ ಎಬ್ಬಿಸಿಬಿಟ್ಟೇನೆಂಬಂತೆ. ನನ್ನನ್ನು ದಾಟಿಕೊಂಡು ಹೊರಟುಹೋದ. ಮಿಕ್ಕವರೂ ಒಬ್ಬೊಬ್ಬರಾಗಿ ಎದ್ದರು.

ನಾನೊಬ್ಬ ಬಾಗಿಲಲ್ಲೇ ಉಳಿದೆ. ಅಕ್ಕಯ್ಯ ಅತ್ತಿರಲಿಲ್ಲ, ಗೆದ್ದ ಮುಖವೂ ಅಲ್ಲ ಅದು. "ಅವನಿಗೂ ಗೊತ್ತಿರ್ನಿಲ್ಲ ಕಣ್ರೀ ಮೇಷ್ಟ್ರೇ," ಎಂದಳು. "ಪೊದೆ ಅಲ್ಲಾಡ್ತು ಅಂತ ಎಲ್ರೂ ಒಟ್ಗೇ ಹೊಡುದ್ರಂತೆ. ಯಾರ್ದು ಅಂತ ನಾನೊಬ್ಳು ತಿಳ್ಕಂಡು ಸುಮ್ಕಿರಾನ ಅಂತಿದ್ದೆ. ಕೈಗೆ ಬಂದಾಗ ಸುಮ್ಕಿರಾಕೆ ಆಗ್ನಿಲ್ಲ. ಈಗ ಅವನಿಗೂ ಗೊತ್ತಾಗೋಯ್ತಲ್ಲ…"

ಆಮೇಲೆ ಹಂದಿಯ ತಲೆಯನ್ನು ಎಲೆಯಲ್ಲಿ ಕಟ್ಟಿ, ಸೆರಗು ಹೊದ್ದು, ಆತನ ಮನೆಗೆ ತಾನೇ ಹೊತ್ತು ನಡೆದಳು. ಹೊರಟವರನ್ನು ಪಾಲಿಲ್ಲದೆ ಕಳಿಸುವಂತಿಲ್ಲ. ಅದು ಕ್ಷಮೆಯೋ, ಸೇಡೋ? ಇಷ್ಟು ವರ್ಷ ಚಿಂತಿಸಿದ್ದೇನೆ. ಚಿಂತಿಸುವುದೊಂದೇ ನನಗೆ ಚೆನ್ನಾಗಿ ಬರುವುದು, ಅದರಲ್ಲೂ ಫೇಲಾಗಿದ್ದೇನೆ.

ಆತ ಮನೆಮಂದಿಯನ್ನು ಕಟ್ಟಿಕೊಂಡು ಹೊಳೆನರಸೀಪುರದ ಕಡೆ ನೆಂಟರೂರಿಗೆ ಹೊರಟುಹೋದ. ಶಿಕಾರಿಯ ಕೂಟ ಮುರಿಯಿತು, ಕೊಕ್ಕೆಗಳಿಗೆ ತುಕ್ಕು ಹಿಡಿಯಿತು. ಆದರೂ ನಾನಿದ್ದಷ್ಟು ಕಾಲ, ಭಾನುವಾರ ಮಧ್ಯಾಹ್ನ ಗೋಡೆಯಾಚೆ ಆಕೆ ಕಲ್ಲಿನ ಮೇಲೆ ನೀರು ಹುಯ್ದು ತಿಕ್ಕುವ ಸದ್ದು ಕೇಳುತ್ತಿತ್ತು. ತೊಳೆಯಲು ಅಲ್ಲಿ ಏನೂ ಇರಲಿಲ್ಲ…

ನನಗೆ ಹಾಸನಕ್ಕೆ ವರ್ಗವಾಯಿತು. ಅಕ್ಕಯ್ಯ ತೀರಿಕೊಂಡ ಸುದ್ದಿ ತಿಥಿಯೆಲ್ಲ ಮುಗಿದ ಮೇಲೆ ತಲುಪಿತು. ಈಗ ಆ ಶೆಡ್ಡಿನಲ್ಲಿ ಸೈಕಲ್ ಶಾಪಿದೆ. ಕೊಕ್ಕೆಗಳಲ್ಲಿ ಟೈರು ನೇತುಹಾಕಿದ್ದಾರೆ. ಬಸ್ಸಿನ ಕಿಟಕಿಯಿಂದ ನೋಡಿದೆ, ಇಳಿಯಲಿಲ್ಲ.

ಹುಬ್ಬು ಮತ್ತೆ ಬೆಳೆಯುತ್ತದಂತೆ, ಹೆಂಡತಿಯ ಭರವಸೆ. ಆವತ್ತು ಮಧ್ಯಾಹ್ನ ಬಾಡಿನ ಸಾರು ಮಾಡಿದ್ದಳು. ತಿನ್ನುವಾಗ ಹಲ್ಲಿಗೆ ಗಟ್ಟಿಯಾಗಿ ಏನೋ ಸಿಕ್ಕಿತು. ತೆಗೆದು, ತೊಳೆದು, ಕಿಟಕಿಯ ಬೆಳಕಿಗೆ ಹಿಡಿದೆ. ಮೂಳೆ ಚೂರು. ಯಾವಾಗಲೂ ಮೂಳೆ ಚೂರೇ. ಆದರೂ ತಿರುಗಿಸಿ ಆ ಮಗ್ಗುಲನ್ನೂ ನೋಡಿದೆ.