ನೀರೊಳಗಿನ ಅಕ್ಷತೆ

ಯತೀಶ್ ಶುಕ್ರವಾರ ಸತ್ತ. ಕೆ.ಆರ್. ನಗರದ ಆಸ್ಪತ್ರೆಗೆ ಹೋಗುವ ದಾರಿಯಲ್ಲಿ, ಕಾರಿನೊಳಗೆ, ಎದೆಬಡಿತ ನಿಂತು ಸತ್ತ. ಮುಳುಗಿ ಸತ್ತನೆಂದು ಸಾಲಿಗ್ರಾಮದಲ್ಲಿ ಹೇಳಿಕೊಂಡು ತಿರುಗುವವರಿಗೆ ನಾಚಿಕೆಯಾಗಬೇಕು. ಹೊಳೆಯಲ್ಲಿ ಈಜಿ ಬೆಳೆದವನು ಎದೆಮಟ್ಟದ ನೀರಿನಲ್ಲಿ ಮುಳುಗುತ್ತಾನೆಯೇ? ಹಾಗೆಂದುಬಿಟ್ಟರೆ ಮಡುವಿಗೆ ಮಣ್ಣು ಸುರಿಯಲು ಬಂದಿದ್ದ ಲಾರಿಯ ಮಾತು ಎತ್ತಬೇಕಾಗಿಲ್ಲ, ಅಷ್ಟೇ. ಅವನನ್ನು ಎತ್ತಿ ಕಾರಿಗೆ ಹಾಕುವಾಗ ಲಾರಿ ಹಿಂದಕ್ಕೆ ಹೋಯಿತು. ಹೆದರಿ ಹೋದದ್ದು, ಯಾರಿಗೂ ಬುದ್ಧಿ ಬಂದದ್ದಲ್ಲ.

ಮದುವೆ ಫೋಟೋ ತೆಗೆದು ಬದುಕಿದವನು ಅವನು. ಬಿಡುವಾದಾಗ ಕ್ಯಾಮೆರಾವನ್ನು ನೀರು ಹೋಗದ ಪೆಟ್ಟಿಗೆಯಲ್ಲಿಟ್ಟು ಕಾವೇರಿಯ ಮಡುವಿಗೆ ಇಳಿಯುತ್ತಿದ್ದ. ಅಲ್ಲಿ ಹೆಬ್ಬೆರಳುದ್ದದ ಹಳದಿ ಮೀನೊಂದು ಕಲ್ಲಿಗೆ ಮೊಟ್ಟೆ ಅಂಟಿಸಿ, ರೆಕ್ಕೆ ಬೀಸುತ್ತ ಕಾವಲು ಕಾಯುತ್ತಿತ್ತು. ಆ ಮಡುವನ್ನೇ ಮುಚ್ಚಿ ಕಾರು ನಿಲ್ಲಿಸಲು ಜಾಗ ಮಾಡುತ್ತಾರೆಂದು ಗೊತ್ತಾಯಿತು.

"ಅಲ್ಲಿ ಪಾಚಿ ಬುಟ್ರೆ ಇನ್ನೇನೈತೆ?" ಎಂದ ಆ ಕೆಲಸದ ಗುತ್ತಿಗೆದಾರ ತಿಮ್ಮಯ್ಯ.

"ತೋರಿಸ್ತೀನಿ ಇರ್ರೀ," ಎಂದ ಯತೀಶ್.

ಮೊದಲ ಸಲ ಆಟೋಫೋಕಸ್ ನಂಬಿ ಕೆಟ್ಟ. ಕಲಕಿದ ನೀರಿನಲ್ಲಿ ಲೆನ್ಸು ಹಿಂದೆ ಮುಂದೆ ತಡಕಾಡಿ, ಕೊನೆಗೆ ತೇಲುವ ಮಣ್ಣಿನ ಕಣಗಳನ್ನೇ ಹಿಡಿದಿತ್ತು. ಕಣ ಸ್ಪಷ್ಟ, ಮೊಟ್ಟೆ ಮಬ್ಬು.

"ಇದೇನ್ಲಾ, ಉಪ್ಪಿಟ್ಟಾ?" ಎಂದು ತಿಮ್ಮಯ್ಯ ನಕ್ಕ. ಸುತ್ತ ಇದ್ದವರೂ ನಕ್ಕರು. ತಮ್ಮ ಮಕ್ಕಳ ಮದುವೆಗೆ ಇವನನ್ನೇ ಕರೆದಿದ್ದವರು.

ಸ್ಟುಡಿಯೋದಲ್ಲಿ ಆ ಫೋಟೋಗಳನ್ನು ಮತ್ತೆ ನೋಡಿದವನು ತನ್ನನ್ನೇ ಬೈದುಕೊಂಡ. ತಾಳಿ ಕಟ್ಟುವ ಹೊತ್ತಿಗೆ ಅವನು ಎಂದೂ ಆಟೋಫೋಕಸ್ ಇಡುತ್ತಿರಲಿಲ್ಲ. ನಾಲ್ಕೂ ಕಡೆಯಿಂದ ಅಕ್ಷತೆ ಬೀಳುವಾಗ ಕ್ಯಾಮೆರಾ ಗಂಡು-ಹೆಣ್ಣನ್ನು ಬಿಟ್ಟು ಅಕ್ಕಿಕಾಳಿನ ಹಿಂದೆ ಓಡುತ್ತದೆ.

"ಇದೂ ಅಕ್ಷತೇನೇ ಕಣ್ಲಾ," ಎಂದ ಗೆಳೆಯ ಮಲ್ಲೇಶನಿಗೆ.

"ಅಂಗಾರೆ ಮ್ಯಾನ್ಯುಯಲ್‌ಗೆ ಆಕು. ಪೆಟ್ಟಿಗೆ ಒಳ್ಗೆ ಲೆನ್ಸಿನ್ ರಿಂಗ್ ತಿರುಗ್ಸೋದೆಂಗೆ?"

"ತಿರುಗ್ಸಲ್ಲ. ದಡದ್ ಮೇಲೇ ಫೋಕಸ್ನ ಗೇಣು ದೂರಕ್ಕೆ ಕೂರಿಸ್ಕಂಡು ಓಯ್ತೀನಿ. ಅಲ್ಲಿ ನಾನೇ ಇಂದೆ ಮುಂದೆ ಆಗೋದು."

"ಮೀನಿನ್ ಮದ್ವೆ ಊಟ ಯಾವಾಗ್ಲಾ?" ಎಂದು ಮಲ್ಲೇಶ್ ರೇಗಿಸಿದ.

ಈ ಸಲ ಸಿಕ್ಕಿತು. ಒಂದೊಂದು ಮೊಟ್ಟೆಯೊಳಗೂ ಕರಿ ಚುಕ್ಕಿಗಳು: ಮರಿಯ ಕಣ್ಣು. ಅದನ್ನು ತಿಮ್ಮಯ್ಯನ ಮುಖಕ್ಕೆ ಹಿಡಿದ.

"ಮೀನ್ಗೆ ವೋಟೈತಾ?" ಎಂದು ಕೇಳಿದ ಆ ಮನುಷ್ಯ. ಮಬ್ಬೆಂದು ನಕ್ಕವನಿಗೆ ಈಗ ಸ್ಪಷ್ಟವಾಗಿದ್ದದ್ದೇ ತಪ್ಪಾಯಿತು. ಮೊಟ್ಟೆ ಒಡೆದು ಮರಿ ಈಜುವ ತನಕವಾದರೂ ತಡೆಯಿರೆಂದರೆ ತಡೆಯಲಿಲ್ಲ. ಶುಕ್ರವಾರ ಬೆಳಿಗ್ಗೆಯೇ ಲಾರಿ ದಡಕ್ಕೆ ಬೆನ್ನು ಕೊಟ್ಟು ನಿಂತಿತು.

ಮೊಟ್ಟೆ ಒಡೆದು ಮರಿ ಬರುವುದನ್ನು ಹಿಡಿಯಲೆಂದು ಯತೀಶ್ ಆಗಲೇ ಕ್ಯಾಮೆರಾ ಸಮೇತ ನೀರಿನಲ್ಲಿದ್ದ. ಅವನು ಎದೆ ಒತ್ತಿಕೊಳ್ಳುವುದನ್ನು ದಡದಿಂದ ಕಂಡ ಮಲ್ಲೇಶ್, "ಸಾಕು ಬಾರ್ಲಾ ಮ್ಯಾಕೆ!" ಎಂದು ಕೂಗಿದ. ಬರಲಿಲ್ಲ. ಡ್ರೈವರ್ ಹಾರನ್ ಒತ್ತಿದ.

"ಇಂಜಿನ್ ಆಫ್ ಮಾಡಪ್ಪ, ನೀರು ಅದುರ್ತದೆ," ಎಂದ ಯತೀಶ್. ಉಸಿರು ಬಿಗಿಹಿಡಿದು ತಲೆಯನ್ನು ನೀರಿಗೆ ತಗ್ಗಿಸಿದ. ಮೈಯನ್ನೇ ಕೂದಲೆಳೆಯಷ್ಟು ಮುಂದಕ್ಕೆ ತಂದು, ನಿಲ್ಲಿಸಿ, ಬಟನ್ ಒತ್ತಿದ.