ಕಂದು ಅಂಚಿನ ಜೋಡಿ

ಪ್ರತಿ ಮಂಗಳವಾರ ಹತ್ತರ ಬಸ್ಸಿಗೆ ವೆಂಕೋಬ ಮಾಸ್ತರರು ಕುಕನೂರಿನಿಂದ ಬರುವುದರೊಳಗೆ ಮುನವ್ವರ ಕೊಪ್ಪಳದ ತನ್ನ ಸೈಕಲ್ ಅಂಗಡಿಯ ಸ್ಟೂಲು ಒರೆಸಿಡುತ್ತಿದ್ದ. ಕೊಪ್ಪಳ ಜಿಲ್ಲೆಯಾದ ವರ್ಷವೇ ನಿವೃತ್ತರಾದ ಈ ಡ್ರಾಯಿಂಗ್ ಮಾಸ್ತರರಿಗೆ ಬೇಕಾದದ್ದು ಒಂದೇ: ತಮ್ಮ ಹಳೆಯ ಇಪ್ಪತ್ತೆಂಟು ಇಂಚಿನ ಸೈಕಲ್ಲಿಗೆ ಮೊದಲಿದ್ದಂಥ ಕಂದು ಅಂಚಿನ ಜೋಡಿ ಟೈರು. ಅದು ಸಿಗುವತನಕ ಸೈಕಲ್ ಹತ್ತುವುದಿಲ್ಲವೆಂದು ಪಣ ತೊಟ್ಟು ಗಂಗಾವತಿ ಸುತ್ತಿದರು, ಕುಷ್ಟಗಿ ಸುತ್ತಿದರು, ಯಲಬುರ್ಗಾದ ಅಂಗಡಿಯವರು ದೂರದಿಂದಲೇ "ಇಲ್ರೀ" ಎಂದು ಕೈಯಾಡಿಸುವಷ್ಟು ಸುತ್ತಿದರು. ಮುನವ್ವರ ಕರಿಯ ಟೈರು ತೋರಿಸಿದರೆ ಹೆಬ್ಬೆರಳಿಂದ ಒತ್ತಿ, ಮೂಸಿ, "ಅಂಚಿಲ್ಲದ ಸೀರಿ ಯಾರರ ಉಡ್ತಾರೇನೋ?" ಎನ್ನುವರು. "ಸೈಕಲ್ಲಿಗೆ ಗಾಳಿ ಬೇಕ್ರಿ ಮಾಸ್ತರ್ರ, ಅಂಚಲ್ಲ" ಎಂದು ಇವನು. "ಹಂಗಾರ ನಿನ್ನ ಬೋರ್ಡಿಗೆ ಬಣ್ಣ ಯಾಕ?" ಎಂದು ಅವರು. ಅಲ್ಲಿಂದ ಎರಡು ಚಹಾದಷ್ಟು ಮಾತು. ಬಂದ ಗಿರಾಕಿಗೆ ಒಂದು ವಾಲ್‌ಟ್ಯೂಬನ್ನಾದರೂ ಮಾರದೆ ಬಿಡದ ಮುನವ್ವರ, ಇವರೊಬ್ಬರಿಗೆ ಮಾತ್ರ ಮಾಲು ಮುಚ್ಚಿಟ್ಟಿದ್ದ. ಹಳೆಯ ಅಂಗಡಿಯೊಂದು ಬಾಗಿಲು ಹಾಕಿದಾಗ ಸಿಕ್ಕ ಕಂದು ಅಂಚಿನ ಜೋಡಿ, ಎರಡು ವರ್ಷದಿಂದ ಅಂಗಡಿಯ ಅಟ್ಟದ ಮೇಲೆ ಗೋಣಿಚೀಲದಲ್ಲಿತ್ತು. ಕೊಟ್ಟರೆ ಮಂಗಳವಾರ ಯಾರು ಬರುತ್ತಾರೆ? ಒಂದು ದಿನ ಇಲಿ ಕಡಿದ ಚೀಲದಿಂದ ಆ ಅಂಚು ಇಣುಕಿತು. ಮಾಸ್ತರರು ಎದ್ದು ನಿಂತು ನೋಡಿದರು. ಅವರು ಛತ್ರಿಯ ತುದಿಯಿಂದ ಅದನ್ನು ಮೆಲ್ಲಗೆ ಒಳಕ್ಕೆ ನೂಕಿ, "ಚೀಲ ಹರದೈತಿ, ಹೊಲಿಸೋ" ಎಂದರು. "ಟೈರ್ ಬಂದಾವೇನು ನೋಡಾಕ ಬರೋ ಮಂಗಳವಾರ ಬರ್ತೀನಿ."