ಗುಮಾಸ್ತರ ಕಾರಿಗೆ ಹಲ್ಲಣ್ಣ ಎಳೆದ ವೈರು

ಚಕ್ರವರ್ತಿಗಳಿಗೆ ಖಡ್ಗವಿತ್ತು, ನಮ್ಮ ಬೀದಿಯ ಆಟೋ ಎಲೆಕ್ಟ್ರಿಷಿಯನ್‌ಗೆ ಮುಂದಿನ ಎರಡು ಹಲ್ಲುಗಳಿದ್ದವು. ವೈರಿನ ಸಿಪ್ಪೆಯನ್ನು ಆತ ಸುಲಿಯುತ್ತಿದ್ದುದು ಅವುಗಳಿಂದಲೇ. ಹೆಂಡತಿ ತಂದುಕೊಟ್ಟ ಹೊಸ ಇಕ್ಕಳ ಬೆನ್ನು ಕೆರೆದುಕೊಳ್ಳಲಿಕ್ಕಷ್ಟೇ ಬಳಕೆಯಾಯಿತು. ಆ ಹಲ್ಲುಗಳ ಸಂದಿಯಲ್ಲಿ ಸರಿಯಾಗಿ ವೈರು ಕೂರುವಷ್ಟು ಅಗಲದ ಕಚ್ಚು ಬಿದ್ದಿತ್ತು. ಅದು ಹುಟ್ಟಿನಿಂದಲೇ ಬಂದದ್ದು, ತಾಯಿಯ ಹೊಟ್ಟೆಯಲ್ಲೇ ಹೊಕ್ಕುಳಬಳ್ಳಿ ಸುಲಿದು ಅಭ್ಯಾಸ ಮಾಡಿದ್ದ ಎಂದು ಟೈರಿನಂಗಡಿಯವನು ಆಣೆ ಇಟ್ಟು ಹೇಳುತ್ತಿದ್ದ. ಆ ಕಚ್ಚನ್ನು ತುಂಬಿಸಿದರೆ ಊರಿನ ಅರ್ಧ ಕಾರುಗಳು ನಿಂತುಹೋಗುತ್ತವೆಂದು ಹೆದರಿ, ದಂತವೈದ್ಯರೊಬ್ಬರು ಕೈಮುಗಿದು ವಾಪಸು ಕಳಿಸಿದರಂತೆ. ಹೀಗೆ ಆತ ಹಲ್ಲಣ್ಣನಾದ.

ಹಲ್ಲಣ್ಣನ ಶೆಡ್ಡಿನ ಅರ್ಧಭಾಗ ಅವನ ತಮ್ಮನದು. ತಮ್ಮ ವೆಲ್ಡರ್, ಕಾರುಗಳ ಹೊಗೆ ಪೈಪಿನ ಕೆಲಸದವನು. ಮುಖಕ್ಕೆ ಮರೆ ಹಿಡಿಯದೆ ಬೆಸುಗೆ ಹಾಕುವುದೇ ಗಂಡಸುತನ ಎಂದು ನಂಬಿದ್ದ ಕಾಲದಲ್ಲಿ ಕೆಲಸ ಕಲಿತವನು. ಅಣ್ಣತಮ್ಮಂದಿರ ನಡುವೆ ಎಣ್ಣೆ ಹಿಡಿದ ಒಂದು ಪರದೆ. ಅದರ ಆಚೆಯಿಂದ ಕಿಡಿ, ಈಚೆಯಿಂದ ಬೈಗುಳ. ಸಂಸಾರ ಚೆನ್ನಾಗಿಯೇ ನಡೆದಿತ್ತು.

ಅಲ್ಲಿಗೆ ಬಂದವರು ನ್ಯಾಯಾಲಯದ ಗುಮಾಸ್ತರು. ಕಚೇರಿಯಲ್ಲಿ ಕೆಮ್ಮುವುದಕ್ಕೂ ಅನುಮತಿ ಕೇಳುವ ಮನುಷ್ಯ. ಪಾಪ, ತನ್ನ ಬದಲು ಕಾರಾದರೂ ಗರ್ಜಿಸಲಿ ಎಂದು ಆಸೆಪಟ್ಟು, ಕಂಪನಿಯ ಪೈಪು ಕಿತ್ತು ಹೆಡರ್ ಹಾಕಿಸಲು ಬಂದಿದ್ದರು. ಹೆಡರ್ ಎಂದರೆ ಎಂಜಿನ್ನಿನಿಂದ ನಾಲ್ಕು ಕವಲಾಗಿ ಹೊರಟು ಕೆಳಗೆ ಒಂದಾಗುವ ಪೈಪು. ತಮ್ಮ ಅದನ್ನು ಕೂರಿಸಿದ. ಇನ್ನು ಉಳಿದದ್ದು ಆಕ್ಸಿಜನ್ ಸೆನ್ಸರ್‌ಗಳು, ಅಂದರೆ ಹೊಗೆಯಲ್ಲಿ ಎಷ್ಟು ಆಮ್ಲಜನಕ ಉಳಿದಿದೆ ಎಂದು ಅಳೆದು ಕಂಪ್ಯೂಟರ್‌ಗೆ ಚಾಡಿ ಹೇಳುವ ಎರಡು ಮೊಳೆಗಳು. ಹೊಸ ಪೈಪಿನಲ್ಲಿ ಅವುಗಳ ಜಾಗ ಕೆಳಗಿಳಿಯುವುದರಿಂದ ಹಳೆಯ ವೈರು ಎಟುಕುವುದಿಲ್ಲ. ಅದನ್ನು ಉದ್ದ ಮಾಡುವುದು ಹಲ್ಲಣ್ಣನ ಕೆಲಸ.

ಈ ವೈರಿನ ವಿಷಯದಲ್ಲಿ ಹಲ್ಲಣ್ಣ ಮಹಾ ಮಡಿವಂತ. ಸೀಸ ಕರಗಿಸಿ ಬೆಸೆಯಕೂಡದು. ಸೆನ್ಸರ್ ತನಗೆ ಬೇಕಾದ ಹೊರಗಿನ ಗಾಳಿಯನ್ನು ವೈರಿನ ಎಳೆಗಳ ಸಂದಿಯಿಂದಲೇ ಎಳೆದುಕೊಳ್ಳುತ್ತದೆ, ಸೀಸ ಹಾಕಿದರೆ ಅದರ ಕತ್ತು ಹಿಸುಕಿದಂತೆ. ಹಾಗಾಗಿ ತುದಿಗಳನ್ನು ಚಿಕ್ಕ ಕೊಳವೆಗೆ ತೂರಿಸಿ ಬಿಗಿಯಾಗಿ ಅಮುಕಬೇಕು, ವೈರನ್ನು ಪೈಪಿನ ಬಿಸಿಗೆ ತಾಗದಂತೆ ದೂರ ಕಟ್ಟಬೇಕು.

ಟಾರ್ಚು ಬಾಯಲ್ಲಿ ಕಚ್ಚಿಕೊಂಡು ಹಲ್ಲಣ್ಣ ಕಾರಿನ ಕೆಳಗೆ ತೂರಿದ. ತೂರಿದವನು ಅಲ್ಲಾಡಲಿಲ್ಲ. ಮೊದಲ ಸೆನ್ಸರ್ ಕೂರಬೇಕಾದದ್ದು ನಾಲ್ಕು ಕವಲು ಸೇರುವ ಕಡೆ. ತಮ್ಮ ಅದರ ನಟ್ಟನ್ನು ಒಂದೇ ಕವಲಿಗೆ ಬೆಸೆದಿದ್ದ. ಪಕ್ಕದ ಬೆಸುಗೆಯಂತೂ ಕೋಳಿ ಕೆರೆದ ಹಾಗಿತ್ತು. ನಿದ್ದೆಗಣ್ಣಲ್ಲೂ ಗೆರೆ ಎಳೆದಂತೆ ಬೆಸೆಯುತ್ತಿದ್ದ ಕೈ ಅದು. ಹಲ್ಲಣ್ಣ ಕತ್ತು ಹೊರಳಿಸಿ ನೋಡಿದ. ಪರದೆಯ ಕೆಳಗಿನ ಸಂದಿಯಲ್ಲಿ ತಮ್ಮನ ಅಂಗೈ ನೆಲವನ್ನು ತಡಕಾಡುತ್ತಿತ್ತು. ಸ್ಪ್ಯಾನರ್ ಅದರಿಂದ ಗೇಣು ದೂರದಲ್ಲೇ ಬಿದ್ದಿತ್ತು.

ತಮ್ಮನಿಗೆ ಕಣ್ಣು ಕಾಣುತ್ತಿಲ್ಲ. ಅದನ್ನು ಬಾಯಿಬಿಟ್ಟರೆ ನಾಳೆಯಿಂದ ಅವನಿಗೆ ಯಾರೂ ಪೈಪು ಕೊಡುವುದಿಲ್ಲ. ಅವನಿಗೆ ಬೇರೆ ಕೆಲಸ ಗೊತ್ತಿಲ್ಲ.

ಹಲ್ಲಣ್ಣ ತನ್ನ ಜೀವಮಾನದ ಅತ್ಯುತ್ತಮ ವೈರಿಂಗನ್ನು ತಪ್ಪು ಜಾಗದಲ್ಲಿದ್ದ ಸೆನ್ಸರ್‌ಗೆ ಮಾಡಿ ಮುಗಿಸಿದ.

"ಏನ್ರೀ ಇದು, ಎಂಜಿನ್ ದೀಪ ಹತ್ತಿಕೊಂಡೇ ಇದೆ?" ಎಂದರು ಗುಮಾಸ್ತರು.

"ಈ ಪೈಪ್ ಹಾಕಿದ್ರೆ ಅದೆಲ್ಲ ಮಾಮೂಲು ಸಾರ್. ದೀಪದ ಮೇಲೊಂದು ಸ್ಟಿಕ್ಕರ್ ಅಂಟಿಸಿಬಿಡಿ" ಎಂದ ಹಲ್ಲಣ್ಣ.

ವಾರ ಕಳೆಯುವುದರೊಳಗೆ ಕಾರು ಹಗ್ಗ ಕಟ್ಟಿಸಿಕೊಂಡು ಬಂತು. ಬೆಸುಗೆ ಬಿಟ್ಟ ಕಡೆಯಿಂದ ನುಗ್ಗಿದ ಬಿಸಿಗೆ ವೈರು ಕರಗಿ, ಕಾಲಡಿಯ ಹಾಸು ಹೊತ್ತಿತ್ತು. ಮುಂದೆ ಕೂತಿದ್ದ ಗುಮಾಸ್ತರ ತಾಯಿಯ ಎರಡೂ ಪಾದ ಸುಟ್ಟಿದ್ದವು. ಸಕ್ಕರೆ ಕಾಯಿಲೆಯಿಂದ ಜಡವಾಗಿದ್ದ ಪಾದಗಳು, ಮುದುಕಿಗೆ ಉರಿ ಗೊತ್ತಾಗಿರಲಿಲ್ಲ. ಒಂದನ್ನು ಉಳಿಸಬಹುದು ಎಂದಿದ್ದರು ಆಸ್ಪತ್ರೆಯವರು. ಗುಮಾಸ್ತರು ಕೂಗಾಡಲಿಲ್ಲ, ಅವರಿಗೆ ಅಭ್ಯಾಸವಿರಲಿಲ್ಲ. "ಮಾಮೂಲು ಅಂದ್ರಲ್ಲ" ಎಂದಷ್ಟೇ ಹೇಳಿ ಕೀಲಿಕೈ ಮೇಜಿನ ಮೇಲಿಟ್ಟು ಹೋದರು.

ಹಲ್ಲಣ್ಣ ಪರದೆ ಸರಿಸಿ ಒಳಗೆ ಹೋದ. ತಮ್ಮನ ಹೆಂಡತಿ ಊಟದ ಡಬ್ಬಿ ಹಿಡಿದು ಅಲ್ಲೇ ನಿಂತಿದ್ದಳು.

"ಕಣ್ಣು ಎಷ್ಟು ಕಾಣತ್ತೋ ನಿಂಗೆ?"

"ನಿನ್ನ ಕಚ್ಚು ಹಲ್ಲು ಕಾಣೋಷ್ಟು ಕಾಣತ್ತೆ. ಅದೇ ಜಾಸ್ತಿ ಆಯ್ತು."

"ಹಾಗಾದ್ರೆ ನೋಡು, ಸೆನ್ಸರ್ ವೈರು ಹಿಡಿದಿದೀನಿ. ಬಣ್ಣ ಹೇಳು."

"ಎರಡು ಬಿಳಿ, ಒಂದು ಕಪ್ಪು, ಒಂದು ಬೂದು" ಎಂದ ತಮ್ಮ, ಎದೆಯುಬ್ಬಿಸಿ. "ಯಾರಿಗೆ ಪರೀಕ್ಷೆ ಮಾಡ್ತೀಯಾ ನೀನು?"

ಹಲ್ಲಣ್ಣನ ಕೈಯಲ್ಲಿ ಏನೂ ಇರಲಿಲ್ಲ.

ತಮ್ಮನ ಹೆಂಡತಿ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಯಾರೂ ಮಾತಾಡದ್ದು ಕೇಳಿಯೇ ತಮ್ಮನಿಗೆ ಅರ್ಥವಾಯಿತು. ಎದೆ ಮೆಲ್ಲಗೆ ಕೆಳಗಿಳಿಯಿತು.

"ಡಾಕ್ಟರು ಹೋದ ವರ್ಷವೇ ಹೇಳಿದ್ರು ಭಾವ. ಆಪರೇಷನ್ನಿಗೂ ಆಗಲ್ಲವಂತೆ. ಬಾಯಿ ಬಿಟ್ರೆ ನನ್ನಾಣೆ ಅಂದ್ರು ಇವರು."

ಹಲ್ಲಣ್ಣ ವೆಲ್ಡಿಂಗ್ ಯಂತ್ರದ ಪ್ಲಗ್ ಕಿತ್ತ. ಕೇಬಲ್ಲನ್ನು ಸುತ್ತಿ ಹೆಗಲಿಗೇರಿಸಿಕೊಂಡ. ಅಷ್ಟರಲ್ಲಿ ಟೈರಿನಂಗಡಿಯವನ ಮುಂದಾಳತ್ವದಲ್ಲಿ ಇಡೀ ಬೀದಿಯೇ ಶೆಡ್ಡಿನ ಬಾಗಿಲಿಗೆ ಬಂದು ನಿಂತಿತ್ತು. ಮಹಾಪುರುಷ ಈಗ ಏನಾದರೂ ನುಡಿಯುತ್ತಾನೆ, ಮೊಮ್ಮಕ್ಕಳಿಗೆ ಹೇಳಬಹುದು ಎಂದು ನಮಗೆಲ್ಲ ಖಾತ್ರಿಯಿತ್ತು.

"ಇನ್ನು ಇವರು ಏನು ಮಾಡಬೇಕು ಭಾವ?" ಎಂದು ಅಳುತ್ತ ಕೇಳಿದಳು ತಮ್ಮನ ಹೆಂಡತಿ.

"ನನ್ನ ವೈರುಗಳಿಗೆ ಟೇಪ್ ಸುತ್ತಲಿ" ಎಂದ ಹಲ್ಲಣ್ಣ. "ನಂಗಂತೂ ಅದು ಬೇಜಾರಿನ ಕೆಲಸ."